ಅತ್ತೆ ಹತ್ತುವಷ್ಟು ಎತ್ತರ

ಪಿಕಪ್ಪಿನ ಬಾಗಿಲಲ್ಲಿ ಅತ್ತೆ ಸಿಕ್ಕಿಕೊಂಡ ಹೊತ್ತಿಗೆ ಬೀದಿಯಲ್ಲಿ ಎಲ್ಲರಿಗೂ ಕೈತುಂಬ ಕೆಲಸವಿತ್ತು. ಆದರೂ ಎಲ್ಲರೂ ಅದನ್ನು ಅಲ್ಲಲ್ಲೇ ಬಿಟ್ಟು ನೋಡಲು ಬಂದರು. ಒಂದು ಕಾಲು ಒಳಗೆ, ಇನ್ನೊಂದು ಕಾಲು ಗಾಳಿಯಲ್ಲಿ, ಒಂದು ಕೈ ಸೀಟಿನ ಬೆಲ್ಟಿಗೆ ಜೋತುಬಿದ್ದು, ಅತ್ತೆ ಹತ್ತಲೂ ಆಗದೆ ಇಳಿಯಲೂ ಆಗದೆ ನಿಂತುಬಿಟ್ಟಿದ್ದರು. ಅವರ ಅಳಿಯ, ಗಾಡಿಗಳ ಸ್ಪ್ರಿಂಗು ಸುತ್ತುವ ಕಸುಬಿನಿಂದ ಊರಿಗೆಲ್ಲ ಸ್ಪ್ರಿಂಗ್ ಮೇಸ್ತ್ರಿ ಎಂದೇ ಪರಿಚಿತನಾದವನು, ಹಿಂದೆ ನಿಂತು ಎರಡೂ ಕೈ ಚಾಚಿದ್ದ. ಆದರೆ ಅತ್ತೆಯನ್ನು ಹಿಂದಿನಿಂದ ತಳ್ಳಬೇಕಾದ ಅಳಿಯ ಕೈಯನ್ನು ಎಲ್ಲಿಡಬೇಕು ಎಂದು ಯಾವ ಹಿರಿಯರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಹಾಗಾಗಿ ಚಾಚಿದ ಕೈಗಳನ್ನು ಚಾಚಿದಂತೆಯೇ ಹಿಡಿದು, “ಹತ್ತಿ ಅತ್ತೆ, ಹತ್ತಿ” ಎನ್ನುತ್ತಿದ್ದ.

“ಹತ್ತೋಕಾಗಿದ್ರೆ ನಿಮ್ಮ ಅಪ್ಪಣೆಗೆ ಕಾಯ್ತಾ ನಿಂತಿರ್ತಿದ್ನಾ?” ಎಂದರು ಅತ್ತೆ, ಮುಖ ತಿರುಗಿಸದೆ.

ಕೊನೆಗೆ ಎದುರು ಶೆಡ್ಡಿನ ವೆಲ್ಡರ್ ಕಬ್ಬಿಣದ ಸ್ಟೂಲೊಂದನ್ನು ತಂದು ಗಾಳಿಯಲ್ಲಿದ್ದ ಕಾಲಿನ ಕೆಳಗಿಟ್ಟು, ಅದು ಅಲುಗದಂತೆ ಕೂತು ತಬ್ಬಿಹಿಡಿದ. ಅತ್ತೆ ಇಳಿದರು. ಬೀದಿಯವರು ಖುಷಿಯಿಂದ ಚಪ್ಪಾಳೆ ತಟ್ಟಿದರು, ಅದೇ ದೊಡ್ಡ ತಪ್ಪಾಯಿತು. ಅತ್ತೆ ಶಾಲು ಸರಿಮಾಡಿಕೊಂಡು, ಚಪ್ಪಾಳೆ ತಟ್ಟಿದವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿ, “ಇನ್ನು ಈ ಅಟ್ಟ ನಾನು ಹತ್ತೋದಿಲ್ಲ” ಎಂದು ಹೇಳಿ ಒಳಗೆ ಹೋದರು.

ಈ ಅತ್ತೆ ಸಾಮಾನ್ಯರಲ್ಲ. ನಿವೃತ್ತರಾಗುವವರೆಗೂ ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರ್ ಆಗಿದ್ದವರು. ತಕ್ಕಡಿಯ ತಟ್ಟೆಯಡಿ ಅಂಟಿಸಿದ ಮೇಣದ ಉಂಡೆಯನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದು ಅಂಗಡಿಯವನ ಅಂಗೈಯಲ್ಲಿಡುತ್ತಿದ್ದರಂತೆ. ಇವತ್ತಿಗೂ ಅವರನ್ನು ಕಂಡರೆ ತರಕಾರಿಯವರು ಹೆದರಿ ಒಂದು ಟೊಮೆಟೊ ಹೆಚ್ಚಿಗೆ ಹಾಕುತ್ತಾರೆ. ಅತ್ತೆ ಅದನ್ನು ತೆಗೆದು ವಾಪಸು ಕೊಡುತ್ತಾರೆ. ಹೆಚ್ಚು ತೂಗುವುದೂ ತಪ್ಪೇ ಎನ್ನುವುದು ಅವರ ವಾದ. ಇಂಥವರ ಜೊತೆ ಒಂದೇ ಸೂರಿನಡಿ ಬಾಳುವುದು ಹೇಗೆ ಎಂದು ನೀವು ಮೇಸ್ತ್ರಿಯನ್ನು ಕನಿಕರದಿಂದ ಕೇಳಬಹುದು. ಬಹಳ ಜನ ಕೇಳಿದ್ದಾರೆ. ಅವನು ಹಲ್ಲು ಕಿರಿಯುತ್ತಾನೆ.

ಸಂಗತಿ ಏನೆಂದರೆ, ಮೇಸ್ತ್ರಿಗೆ ಅತ್ತೆಯೆಂದರೆ ಪ್ರಾಣ. ಅವನ ಹೆಂಡತಿಗೆ ಗ್ರಂಥಾಲಯದಲ್ಲಿ ಕೆಲಸ. ಅಲ್ಲಿ ಮೆಲ್ಲಗೆ ಮಾತಾಡಿ ಮಾತಾಡಿ ಅವಳಿಗೆ ಮನೆಯಲ್ಲೂ ಅದೇ ಅಭ್ಯಾಸವಾಗಿತ್ತು. ಅವಳ ಜೊತೆ ಜಗಳವಾಡಬೇಕೆಂದರೆ ಕಿವಿಯನ್ನು ಅವಳ ಬಾಯಿಯ ಹತ್ತಿರ ಹಿಡಿಯಬೇಕಿತ್ತು, ಹಾಗೆ ಹಿಡಿದರೆ ಜಗಳ ಮುಂದುವರಿಯುತ್ತಿರಲಿಲ್ಲ. ಅತ್ತೆ ಹಾಗಲ್ಲ. ಮಗಳು ಕೆಲಸಕ್ಕೆ ಹೊರಟ ಕೂಡಲೇ ಕುರ್ಚಿ ತಂದು ವರ್ಕ್‌ಶಾಪಿನ ಬಾಗಿಲಲ್ಲಿ ಹಾಕಿಕೊಂಡು ಕೂತುಬಿಡುವರು. “ಆ ಪಟ್ಟಿ ಸೊಟ್ಟಗಿದೆ.” “ಆ ಬೋಲ್ಟಿಗೆ ಎಣ್ಣೆ ಯಾರು, ನಿಮ್ಮ ತಾತ ಬಂದು ಹಾಕ್ತಾರಾ?” “ಅಳಿಯಂದ್ರೇ, ಅಳತೆ ಎರಡು ಸಲ ನೋಡಿ, ಆಮೇಲೆ ಒಂದು ಸಲ ಕತ್ತರಿಸಿ.” ಬೈಯುವವರಿಲ್ಲದ ಮನೆಯಲ್ಲಿ ಬೆಳೆದ ಮೇಸ್ತ್ರಿಗೆ ಈ ಬೈಗುಳ ಕೇಳಿದರೆ ಚೆನ್ನಾಗಿ ಹಸಿವಾಗುತ್ತಿತ್ತು.

ಅತ್ತೆಗೆ ಇದ್ದದ್ದು ಒಂದೇ ಚಟ, ಇಸ್ಪೀಟು. ಗುಡ್ಡದ ಮೇಲಿನ ಮನೆಯಲ್ಲಿ ಅವರ ಹಳೆಯ ಗೆಳತಿಯೊಬ್ಬಳಿದ್ದಳು. ವಾರಕ್ಕೊಮ್ಮೆ ಹೋಗಿ ಅವಳ ಜೊತೆ ಆಡಿ, ಸೋಲಿಸಿ, ಅವಳು ಮೂತಿ ಊದಿಸಿಕೊಂಡದ್ದನ್ನು ನೋಡಿ ಬಂದರೆ ಅತ್ತೆಗೆ ವಾರವಿಡೀ ಉಲ್ಲಾಸ. ಗೆಳತಿಗೆ ಗುಡ್ಡ ಇಳಿಯುವ ಅಭ್ಯಾಸವಿಲ್ಲ. ಗುಡ್ಡದ ರಸ್ತೆಯ ಗುಂಡಿಗಳನ್ನು ನೋಡಿದರೆ ಬಾಡಿಗೆ ಕಾರಿನವರು ಅಲ್ಲಿಂದಲೇ ಕೈಮುಗಿದು ತಿರುಗುತ್ತಾರೆ. ಉಳಿದದ್ದು ಮೇಸ್ತ್ರಿಯ ಪಿಕಪ್ ಒಂದೇ, ಅದು ಈಗ ಅಟ್ಟವಾಗಿತ್ತು. ಅತ್ತೆಯ ಮಂಡಿಗಳು ಮುಷ್ಕರ ಹೂಡಿದ್ದವು. ಹಾಗಾಗಿ ಅತ್ತೆ ಕಿಟಕಿಯ ಪಕ್ಕ ಒಬ್ಬರೇ ಕೂತು, ಎರಡೂ ಕಡೆಯ ಎಲೆಗಳನ್ನು ತಾವೇ ಹಿಡಿದು ಆಡುತ್ತಿದ್ದರು, ಎರಡು ಕಡೆಯೂ ಮೋಸವಾಗದಂತೆ ತಾವೇ ಕಾವಲೂ ಕಾಯುತ್ತಿದ್ದರು.

ಇಂಥ ಹೊತ್ತಿನಲ್ಲಿ ಕಿರಿಯ ಮಗಳ ಫೋನು ಬಂತು. “ಅಮ್ಮಾ, ನಮ್ಮಲ್ಲಿ ಲಿಫ್ಟ್ ಇದೆ. ಕೆಳಗಡೆನೇ ಇಸ್ಪೀಟು ಆಡೋರ ದೊಡ್ಡ ಗುಂಪಿದೆ. ಇವರ ಕಾರು ಸೋಫಾ ಇದ್ದ ಹಾಗಿದೆ, ಸುಮ್ನೆ ಕೂತರೆ ಸಾಕು. ಬಂದು ನಮ್ಮ ಜೊತೆನೇ ಇದ್ದುಬಿಡು. ಭಾನುವಾರ ಇವರೇ ಬಂದು ಕರ್ಕೊಂಡು ಬರ್ತಾರೆ.”

ಅತ್ತೆ “ನೋಡೋಣ” ಎಂದರು. ಅತ್ತೆಯ ಬಾಯಲ್ಲಿ “ಆಗಲ್ಲ” ಎಂದರೆ ಆಗಲ್ಲ, “ನೋಡೋಣ” ಎಂದರೆ ಮುಕ್ಕಾಲು ಆಯಿತೆಂದೇ ಲೆಕ್ಕ. ಪಕ್ಕದ ಕೋಣೆಯಲ್ಲಿದ್ದ ಮೇಸ್ತ್ರಿಗೆ ಇದೆಲ್ಲ ಕೇಳಿಸಿತು. ಅವನ ಷಡ್ಡಕ ಹಾಸಿಗೆ ಅಂಗಡಿಯವನು. ಒಳ್ಳೆಯ ಮನುಷ್ಯನೇ. ಆದರೆ ಕಂಡದ್ದನ್ನೆಲ್ಲ ಅಂಗೈಯಿಂದ ಒತ್ತಿ ಮೆತ್ತಗಿದೆಯೇ ಎಂದು ನೋಡುವ ದುರಭ್ಯಾಸ ಅವನಿಗಿತ್ತು, ತನ್ನ ಕಾರಿನ ಸೀಟುಗಳಿಗೆ ಅಂಗಡಿಯ ಅತ್ಯುತ್ತಮ ಹಾಸಿಗೆಯನ್ನೇ ಕತ್ತರಿಸಿ ಹಾಕಿಸಿದ್ದ. ಮೆತ್ತನೆಯ ವಿಷಯದಲ್ಲಿ ಅವನ ಜೊತೆ ಪೈಪೋಟಿ ಎಂದರೆ ಮೀನಿನ ಜೊತೆ ಈಜಿದಂತೆ.

ಮೇಸ್ತ್ರಿ ಹಾಗೇ ಎದ್ದು ಹೋಗಿ ಅತ್ತೆಯ ಎದುರು ನಿಂತ. “ಅತ್ತೆ, ಭಾನುವಾರದೊಳಗೆ ನಮ್ಮ ಪಿಕಪ್ ತಗ್ಗಿಸಿಬಿಡ್ತೀನಿ. ನೀವು ಮಂಚದ ಮೇಲೆ ಕೂತ ಹಾಗೆ ಕೂರಬಹುದು.”

ಅತ್ತೆ ಕೈಯಲ್ಲಿದ್ದ ಎಲೆಗಳನ್ನು ಕೆಳಗಿಟ್ಟು ಕನ್ನಡಕದ ಮೇಲಿನಿಂದ ನೋಡಿದರು. “ಯಾರ ಕೈಯೂ ಹಿಡೀದೆ ಹತ್ತಬೇಕು. ಯಾರ ಕೈಯೂ ಹಿಡೀದೆ ಇಳೀಬೇಕು. ಗುಡ್ಡ ಮುಟ್ಟೋವರೆಗೆ ನನ್ನ ಮಂಡಿ ಒಂದು ಮಾತೂ ಆಡಬಾರದು. ಆಡ್ತೋ, ಪೆಟ್ಟಿಗೆ ಅವನ ಕಾರಿಗೆ.”

“ಸರಿ” ಎಂದ ಮೇಸ್ತ್ರಿ. ಹೇಳುವುದು ಸುಲಭ.

ವೆಲ್ಡರ್ ಈ ಸುದ್ದಿ ಕೇಳಿ ತಕ್ಷಣ ಕಟ್ಟಿಂಗ್ ಟಾರ್ಚ್ ಹೊತ್ತಿಸಿದ. ಅವನು ಕೈ ಬಿಸಿಯಾದ ಮೇಲೆ ಯೋಚಿಸುವ ಜಾತಿ. ಮಾತಿಗೊಂದು ಗಾದೆ ಹೇಳುವ ಚಪಲವೂ ಇತ್ತು, ಗಾದೆ ಸಂದರ್ಭಕ್ಕೆ ಹೊಂದಲೇಬೇಕೆಂಬ ಹಟ ಮಾತ್ರ ಇರಲಿಲ್ಲ. “ಸ್ಪ್ರಿಂಗನ್ನ ಅರ್ಧಕ್ಕೆ ಕತ್ತರಿಸಿ ಎಸೆಯೋಣ. ಹಾವೂ ಸಾಯಬೇಕು, ಕೋಲೂ ಮುರೀಬಾರದು.”

“ಕತ್ತರಿಸಿದ್ರೆ ಕೋಲೂ ಮುರಿಯುತ್ತೆ, ಅತ್ತೆ ಸೊಂಟಾನೂ ಮುರಿಯುತ್ತೆ. ಆರಿಸು ಅದನ್ನ” ಎಂದ ಮೇಸ್ತ್ರಿ.

ಗಾಡಿ ತಗ್ಗಿಸುವುದು ಯಾರಿಗೆ ಬೇಕಾದರೂ ಬರುತ್ತದೆ. ಮೆತ್ತಗಿರುವಂತೆ ತಗ್ಗಿಸುವುದೇ ಕಷ್ಟ. ಪಿಕಪ್ಪಿನ ಹಿಂದೆ ಉಕ್ಕಿನ ಪಟ್ಟಿಗಳ ಕಟ್ಟು, ಎರಡು ಚಕ್ರಗಳನ್ನು ಕೂಡಿಸುವ ಆಕ್ಸಲ್ಲಿನ ಮೇಲೆ ಕೂತಿರುತ್ತದೆ. ಅದನ್ನು ಬಿಚ್ಚಿ ಆಕ್ಸಲ್ಲಿನ ಕೆಳಗೆ ತಂದು ಬಿಗಿದರೆ, ಪಟ್ಟಿಗಳಿಗೆ ಗರಗಸ ತಾಕಿಸದೆಯೇ ಗಾಡಿ ಅರ್ಧ ಗೇಣಿಗೂ ಹೆಚ್ಚು ಇಳಿಯುತ್ತದೆ. ಆಕ್ಸಲ್ ಮೇಲೆದ್ದಾಗ ಗಾಡಿಯ ಚೌಕಟ್ಟಾದ ಚಾಸಿಗೆ ಬಡಿಯದಂತೆ ಅಲ್ಲೊಂದು ಅರ್ಧಚಂದ್ರದ ಕಚ್ಚು ತೆಗೆದು, ಸುತ್ತಲೂ ಗಟ್ಟಿ ಪಟ್ಟಿ ವೆಲ್ಡ್ ಮಾಡಬೇಕು. ಅದು ವೆಲ್ಡರನ ಕೆಲಸ, ಗಾದೆಯಿಲ್ಲದೆಯೂ ಆಗುತ್ತದೆ. ಮುಂದಿನ ಸುರುಳಿ ಸ್ಪ್ರಿಂಗನ್ನು ಮಾತ್ರ ಮೇಸ್ತ್ರಿ ಹೊಸದಾಗಿಯೇ ಸುತ್ತಬೇಕು. ತೀರಾ ಮೆತ್ತಗಾದರೆ ಗುಂಡಿ ಬಂದಾಗ ಗಾಡಿ ತಳ ಹೊಡೆಯುತ್ತದೆ, ಬಿಗಿಯಾದರೆ ಕೂತವರ ಬೆನ್ನಿಗೆ ಹೊಡೆಯುತ್ತದೆ. ಇವೆರಡರ ನಡುವೆ ಕೂದಲೆಳೆಯಷ್ಟು ಜಾಗವಿದೆ. ಅದು ಸಿಗಬೇಕಾದರೆ ಆ ಮೂಲೆಯಲ್ಲಿ ಕೂರುವ ಭಾರ ಎಷ್ಟೆಂದು ಗೊತ್ತಿರಲೇಬೇಕು.

ಮೇಸ್ತ್ರಿಯ ಅಪ್ಪನೂ ಸ್ಪ್ರಿಂಗ್ ಮೇಸ್ತ್ರಿಯೇ. “ತೂಕ ಕೇಳದೆ ಸ್ಪ್ರಿಂಗ್ ಸುತ್ತಬೇಡ” ಎನ್ನುವುದೊಂದೇ ಅವರು ಮಗನಿಗೆ ಕಲಿಸಿದ ಶಾಸ್ತ್ರ. ಲಾರಿಯವರು ಬಂದರೆ ಮೇಸ್ತ್ರಿ ಮೊದಲು ಕೇಳುವುದೇ, “ಎಷ್ಟು ಭಾರ ಹೇರ್ತೀರಿ?” ಎಂದು. ಆದರೆ ಲಾರಿಯವರನ್ನು ಕೇಳುವುದು ಬೇರೆ, ಅತ್ತೆಯನ್ನು ಕೇಳುವುದು ಬೇರೆ. ಮೊದಲು ಹೆಂಡತಿಯನ್ನು ಕೇಳಿ ನೋಡಿದ.

“ಅಮ್ಮನ ತೂಕ ಎಷ್ಟು ಕಣೇ?”

ಅವಳು ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದಳು. “ಅಪ್ಪನೂ ಒಂದ್ಸಲ ಕೇಳಿದ್ರು” ಎಂದಳು, ಎಂದಿಗಿಂತ ಮೆಲ್ಲಗೆ.

“ಏನಾಯ್ತು?”

“ಇನ್ನೊಂದ್ಸಲ ಕೇಳ್ಲಿಲ್ಲ.”

ಅತ್ತೆ ಯಾವುದೇ ತಕ್ಕಡಿಯನ್ನು ನಂಬಿದ್ದನ್ನಾಗಲಿ, ಅದರ ಮೇಲೆ ಹತ್ತಿದ್ದನ್ನಾಗಲಿ ಯಾರೂ ಕಂಡಿರಲಿಲ್ಲ. ಮಂಡಿ ತೋರಿಸಲು ಹೋದಾಗ ಡಾಕ್ಟರು “ಇದರ ಮೇಲೆ ನಿಂತ್ಕೊಳ್ಳಿ” ಎಂದರಂತೆ. ಅತ್ತೆ ನಿಲ್ಲುವ ಬದಲು ಬಗ್ಗಿ ಆ ತೂಕದ ಯಂತ್ರವನ್ನೇ ಪರೀಕ್ಷಿಸಿ, ಅದರ ಮುಳ್ಳು ಸೊನ್ನೆಯ ಆಚೆ ನಿಂತಿದೆ ಎಂದು ತೋರಿಸಿ, “ಇಷ್ಟು ದಿನ ನಿಮ್ಮ ರೋಗಿಗಳಿಗೆಲ್ಲ ಸುಳ್ಳು ಹೇಳಿದೀರಿ” ಎಂದು ಬಂದರು. ಡಾಕ್ಟರು ಅದನ್ನು ರಿಪೇರಿಗೆ ಕಳಿಸಿದರು, ಅತ್ತೆಯ ತೂಕ ಹಾಗೇ ಉಳಿಯಿತು.

ಮೇಸ್ತ್ರಿ ತನ್ನ ಬುದ್ಧಿಯನ್ನೇ ನೆಚ್ಚಿಕೊಂಡ. ಬಚ್ಚಲಿನ ಮುಂದಿನ ಕಾಲೊರಸಿನ ಅಡಿಗೆ ಒಂದು ಚಪ್ಪಟೆ ತೂಕದ ಯಂತ್ರವನ್ನಿಟ್ಟು, ಮುಳ್ಳು ಕಾಣುವಂತೆ ಕಾಲೊರಸಿನ ಮೂಲೆ ಮಡಚಿ, ಎದುರಿನ ಕಪಾಟಿನ ಹಿಂದೆ ಅಡಗಿ ನಿಂತ. ಅತ್ತೆ ಬಂದರು, ಕಾಲಿಡಲು ಹೋದವರು ಕಾಲು ಮೇಲೆಯೇ ಹಿಡಿದು ನಿಂತರು. ಮೂಗಿನಿಂದ ಒಮ್ಮೆ ಉಸಿರೆಳೆದು ಗ್ರೀಸಿನ ವಾಸನೆ ಹಿಡಿದರು. ಊರುಗೋಲಿನ ತುದಿಯಿಂದ ಕಾಲೊರಸನ್ನು ಸರಿಸಿ, “ಅಳಿಯಂದ್ರೇ, ಕಪಾಟಿನ ಹಿಂದೆ ಧೂಳಿದೆ, ನೆಗಡಿ ಆದೀತು, ಬನ್ನಿ ಆಚೆ” ಎಂದರು. ಮೇಸ್ತ್ರಿ ಬಾಲ ಸುಟ್ಟ ಬೆಕ್ಕಿನಂತೆ ಆಚೆ ಬಂದ.

ಮರುದಿನ ಇನ್ನೊಂದು ಉಪಾಯ. ಅತ್ತೆಯ ಕುರ್ಚಿಯ ಕಾಲುಗಳಿಗೆ ತಾನೇ ಸುತ್ತಿದ ನಾಲ್ಕು ಪುಟ್ಟ ಸ್ಪ್ರಿಂಗುಗಳನ್ನು ಸಿಕ್ಕಿಸಿದ. ಎಷ್ಟು ಭಾರಕ್ಕೆ ಎಷ್ಟು ಕುಸಿಯುತ್ತದೆ ಎಂದು ಅವನಿಗೆ ಬಾಯಿಪಾಠ. ಕುಸಿದದ್ದನ್ನು ದೂರದಿಂದಲೇ ಅಳೆದರೆ ಮುಗಿಯಿತು. ಅತ್ತೆ ಬಂದು ಕೂತರು. ಕುರ್ಚಿ ಇಳಿಯಿತು. ಏರಿತು. ಮತ್ತೆ ಇಳಿಯಿತು. ಸ್ಪ್ರಿಂಗು ನಿಲ್ಲಲು ಹೊತ್ತು ಹಿಡಿಯುತ್ತದೆ ಎನ್ನುವುದನ್ನು ಸ್ಪ್ರಿಂಗ್ ಮೇಸ್ತ್ರಿಯೇ ಮರೆತಿದ್ದ. ಅತ್ತೆ ಏರುತ್ತ ಇಳಿಯುತ್ತ ಅವನನ್ನೇ ದಿಟ್ಟಿಸಿದರು. “ಈ ಕುರ್ಚಿ ಯಾಕೋ ಉಸಿರಾಡ್ತಿದೆ” ಎಂದರು. ಮೇಸ್ತ್ರಿ ಅಳತೆಪಟ್ಟಿಯನ್ನು ಅಂಗಿಯೊಳಗೆ ಬಚ್ಚಿಟ್ಟು ಜಾಗ ಖಾಲಿ ಮಾಡಿದ.

ಭಾನುವಾರ ಹತ್ತಿರ ಬರುತ್ತಿತ್ತು. ಬೇರೆ ದಾರಿ ಕಾಣದೆ ಮೇಸ್ತ್ರಿ ಅಪ್ಪನ ಮಾತು ಮುರಿದ, ಅಂದಾಜಿಗಿಳಿದ. ಪಿಕಪ್ಪನ್ನು ಸಮನೆಲದ ಮೇಲೆ ನಿಲ್ಲಿಸಿ, ಪಕ್ಕದ ಸೀಟಿನ ಮೇಲೆ ಸಣ್ಣ ಸಣ್ಣ ಮರಳಿನ ಚೀಲಗಳನ್ನು ಒಂದರ ಮೇಲೊಂದು ಪೇರಿಸತೊಡಗಿದ. ವೆಲ್ಡರ್ ಚೀಲ ಎತ್ತಿ ಕೊಡುತ್ತಿದ್ದ.

“ಸಾಕು” ಎಂದ ಮೇಸ್ತ್ರಿ.

“ಇನ್ನೊಂದು ಹಾಕು” ಎಂದ ವೆಲ್ಡರ್.

“ಛೆ ಛೆ, ಅತ್ತೆ ಅಷ್ಟೇನಿಲ್ಲ.”

“ಅವತ್ತು ಸ್ಟೂಲು ತಬ್ಕೊಂಡು ಕೂತಿದ್ದೋನು ನಾನು, ನೀನಲ್ಲ.”

“ಹಿರಿಯರ ಬಗ್ಗೆ ಸ್ವಲ್ಪ ಮರ್ಯಾದೆ ಇರ್ಲಿ” ಎಂದು ಗದರಿ, ಮೇಸ್ತ್ರಿ ಇದ್ದ ಚೀಲಗಳಲ್ಲೇ ಒಂದನ್ನು ಬಿಚ್ಚಿ ಅರ್ಧ ಮರಳು ಸುರಿದುಬಿಟ್ಟ. ಮರ್ಯಾದೆ ಎನ್ನುವುದು ಒಳ್ಳೆಯ ಗುಣ. ಆದರೆ ಅದರಿಂದ ಸ್ಪ್ರಿಂಗ್ ಸುತ್ತಲು ಬರುವುದಿಲ್ಲ.

ಆ ಭಾರಕ್ಕೆ ಸರಿಯಾಗಿ ಸ್ಪ್ರಿಂಗು ಸುತ್ತಿದ, ಕುಲುಮೆಯಲ್ಲಿ ಕಾಸಿದ, ಎಣ್ಣೆಯಲ್ಲಿ ಅದ್ದಿದ. ವೆಲ್ಡರ್ ಕಚ್ಚು ತೆಗೆದು ಪಟ್ಟಿ ಬೆಸೆದ. ಗಿಡ್ಡನೆಯ ಶಾಕ್ ಅಬ್ಸಾರ್ಬರುಗಳನ್ನು ಹಾಕಿ ಜಾಕಿ ಇಳಿಸಿದಾಗ ಪಿಕಪ್ ಕೋಳಿ ಕಾವಿಗೆ ಕೂತಂತೆ ನೆಲದ ಹತ್ತಿರ ಕೂತಿತು. ಇನ್ನು ಓಡಿಸಿ ನೋಡಬೇಕು. ತಿರುವಿನಲ್ಲಿ ಚೀಲಗಳು ಜಾರದಂತೆ ಬೆಲ್ಟು ಕಟ್ಟಿದರು. ಧೂಳು ಹಾರದಂತೆ ತಂತಿಯ ಮೇಲೆ ಒಣಗಿದ್ದ ಅತ್ತೆಯ ನೀಲಿ ಶಾಲನ್ನು ತಂದು ಹೊದಿಸಿದರು. ಶಾಲು ಜಾರದಂತೆ ಮೇಲ್ತುದಿಯಲ್ಲಿ ತಲೆಯಂತೆ ಒಂದು ಪುಟ್ಟ ಚೀಲ ಇಟ್ಟರು. ದೂರದಿಂದ ನೋಡಿದರೆ ಸಾಕ್ಷಾತ್ ಅತ್ತೆಯೇ.

ಮೇಸ್ತ್ರಿ ಗುಡ್ಡದ ರಸ್ತೆ ಹಿಡಿದ. ಪಿಕಪ್ ಗುಂಡಿಗಳನ್ನು ಗುಟುಕು ಗುಟುಕಾಗಿ ನುಂಗುತ್ತ ಹೋಯಿತು. ಸಂತೋಷ ತಡೆಯಲಾರದೆ ಅವನು ಪಕ್ಕಕ್ಕೆ ತಿರುಗಿ, “ಹೇಗಿದೆ ಅತ್ತೆ?” ಎಂದ. ಅತ್ತೆ ತಪ್ಪು ಹಿಡಿಯಲಿಲ್ಲ. ಬ್ರೇಕ್ ತಡವಾಗಿ ಹಾಕಿದ, ಬೈಯಲಿಲ್ಲ. ತಿರುವಿನಲ್ಲಿ ಬೇಕೆಂದೇ ಹಾರನ್ ಹೊಡೆಯಲಿಲ್ಲ, ಅದಕ್ಕೂ ಸುಮ್ಮನೆ. ಇಷ್ಟು ಒಪ್ಪಿಗೆಯ ಅತ್ತೆಯನ್ನು ಮೇಸ್ತ್ರಿ ಮದುವೆಯಾದಂದಿನಿಂದ ಕಂಡಿರಲಿಲ್ಲ. ಗುಡ್ಡದ ಮೇಲೆ ತಿರುಗಿಸಿಕೊಂಡು ಬರುವಷ್ಟರಲ್ಲಿ ಅವನಿಗೆ ಯಾಕೋ ಅಳು ಬಂದಂತಾಯಿತು.

ಅವನು ಮನೆ ಮುಟ್ಟುವ ಮೊದಲೇ ಮನೆಯ ಫೋನು ಬಡಿದುಕೊಂಡಿತ್ತು. ಗುಡ್ಡದ ಗೆಳತಿ ಕೆಂಡಾಮಂಡಲವಾಗಿದ್ದಳು.

“ಏನೇ ನಿನ್ನ ಜಂಬ! ನಮ್ಮ ಬಾಗಿಲ ಮುಂದೇನೇ ಹೋದೆ, ನಾನು ಕೈ ಬೀಸಿದೆ, ಕೂಗಿದೆ, ನೀನು ತಲೆ ಸಹ ಅಲ್ಲಾಡಿಸ್ಲಿಲ್ಲ! ಕಲ್ಲಿನ ಹಾಗೆ ಕೂತಿದ್ದೆ!”

“ನಾನು ಇಲ್ಲೇ ಕಿಟಕಿ ಪಕ್ಕ ಇದೀನಲ್ಲೇ” ಎಂದರು ಅತ್ತೆ.

“ನಿನ್ನ ನೀಲಿ ಶಾಲು ನಂಗೆ ಗೊತ್ತಿಲ್ವಾ? ಒಂದು ವಿಷಯ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಸಣ್ಣಗಾಗಿದೀಯ.”

ಅತ್ತೆ ಫೋನಿಟ್ಟು, ತಂತಿಯ ಮೇಲೆ ಶಾಲಿಲ್ಲದ್ದನ್ನು ನೋಡಿ, ಊರುಗೋಲು ಹಿಡಿದು ನೇರ ವರ್ಕ್‌ಶಾಪಿಗೆ ಬಂದರು. ಮೇಸ್ತ್ರಿ ಆಗಷ್ಟೇ ಗಾಡಿ ನಿಲ್ಲಿಸಿದ್ದ. ಚೀಲಗಳಿನ್ನೂ ಬೆಲ್ಟು ಕಟ್ಟಿಕೊಂಡು ಶಾಲು ಹೊದ್ದು ಗಂಭೀರವಾಗಿ ಕೂತಿದ್ದವು. ವೆಲ್ಡರ್ ಯಾರೂ ಏನೂ ಕೇಳುವ ಮೊದಲೇ, “ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ” ಎಂದುಬಿಟ್ಟ. ಜೀವಮಾನದಲ್ಲಿ ಮೊದಲ ಬಾರಿಗೆ ಅವನ ಗಾದೆ ಸಂದರ್ಭಕ್ಕೆ ಹೊಂದಿತ್ತು.

ಅತ್ತೆ ಪಿಕಪ್ಪಿನ ಬಾಗಿಲ ಬಳಿ ನಿಂತು ಮೇಲಿಂದ ಕೆಳಗೆ ನೋಡಿದರು. “ಇದು ನಾನಾ?”

“ಹೂಂ ಅತ್ತೆ” ಎಂದ ಮೇಸ್ತ್ರಿ. ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ.

ಅತ್ತೆ ಒಂದು ಚೀಲವನ್ನು ಬೆರಳಿನಿಂದ ಒತ್ತಿದರು. ಇನ್ನೊಂದನ್ನು ಅಂಗೈಯಲ್ಲಿ ಎತ್ತಿ ತೂಗಿ ನೋಡಿದರು. ಅರ್ಧ ಖಾಲಿಯಾದ ಚೀಲ ಸಿಕ್ಕಿದಾಗ ಅದನ್ನು ಕಿವಿ ಹಿಡಿದಂತೆ ಹಿಡಿದೆತ್ತಿದರು. “ಯಾರು ತೂಗಿದ್ದು?”

“ಅಂದಾಜು, ಅತ್ತೆ.”

“ಅಂದಾಜು!” ಎಂದರು ಅತ್ತೆ. ಆ ಮಾತು ಅವರ ಬಾಯಲ್ಲಿ ಬೈಗುಳದ ಹಾಗೆ ಕೇಳಿಸಿತು. “ಕಮ್ಮಿ ತೂಗಿದೀರಿ ಅಳಿಯಂದ್ರೇ. ಕಮ್ಮಿ ತೂಗೋದು ಅಪರಾಧ. ಜೀವಮಾನವಿಡೀ ಅದಕ್ಕೇ ಜನಕ್ಕೆ ದಂಡ ಹಾಕಿದೋಳು ನಾನು. ಈಗ ನನ್ನ ಮನೇಲೇ, ನನ್ನ ಅಳಿಯಾನೇ, ನನ್ನನ್ನೇ ಕಮ್ಮಿ ತೂಗ್ತಾರೆ!”

“ಮರ್ಯಾದೆಗೆ ಹಾಗೆ ಮಾಡ್ದೆ.”

“ಮರ್ಯಾದೆಗೆ! ನಾನು ಇದರಲ್ಲಿ ಕೂತಿದ್ರೆ ಮೊದಲನೇ ಗುಂಡಿಗೇ ತಳ ಹೊಡೀತಿತ್ತು. ಮಂಡಿ ಬಾಯಿ ಬಿಡ್ತಿತ್ತು. ನಾನು ಮಾತಿಗೆ ತಪ್ಪೋಳಲ್ಲ, ಅವನ ಕಾರು ಹತ್ಕೊಂಡು ಹೋಗ್ತಿದ್ದೆ. ಆಗ ಏನು ಮಾಡ್ತಿದ್ರಿ? ಈ ಚೀಲಗಳನ್ನ ಬಾಗಿಲಲ್ಲಿ ಕೂರಿಸ್ಕೊಳ್ತಿದ್ರಾ?”

ಮೇಸ್ತ್ರಿಗೆ ಇನ್ನು ತಡೆಯಲಾಗಲಿಲ್ಲ. “ಹೋಗ್ಬೇಡಿ ಅತ್ತೆ” ಎಂದ. “ಚೀಲ ಒಂದು ಮಾತೂ ಬೈಯಲ್ಲ. ನಿಮ್ಮ ಮಗಳು ಬೈದ್ರೆ ನಂಗೆ ಕೇಳಿಸೋದೇ ಇಲ್ಲ. ನೀವೂ ಹೋದ್ರೆ ನನ್ನ ತಪ್ಪು ನೋಡೋರು ಯಾರಿದಾರೆ?” ಹೇಳುತ್ತ ಹೇಳುತ್ತ ಕಣ್ಣಲ್ಲಿ ನೀರು ಬಂತು. ಗ್ರೀಸ್ ಮೆತ್ತಿದ ಕೈಯಲ್ಲಿ ಒರೆಸಿಕೊಂಡದ್ದರಿಂದ ಮುಖ ನೋಡುವಂತಿರಲಿಲ್ಲ.

ಅತ್ತೆ ಕೈಯಲ್ಲಿದ್ದ ಅರ್ಧ ಚೀಲವನ್ನು ಕೆಳಗಿಟ್ಟರು. ಆಮೇಲೆ ವೆಲ್ಡರನ ಕಡೆ ತಿರುಗಿ, “ನಿಂಗೆ ಶೆಡ್ಡಲ್ಲಿ ಕೆಲಸ ಇಲ್ವೇನಪ್ಪಾ?” ಎಂದರು. ವೆಲ್ಡರ್ ಇಲ್ಲವೆಂದು ಹೇಳಲು ಬಾಯಿ ತೆರೆದು, ಅತ್ತೆಯ ಮುಖ ನೋಡಿ, ಹೋದ. ಅತ್ತೆ ಬಾಗಿಲ ಆಚೆ ಈಚೆ ಯಾರಿಲ್ಲವೆಂದು ನೋಡಿಕೊಂಡರು.

“ಕೆಲಸ ಬಿಟ್ಟ ದಿನ ಆಫೀಸಿನ ದೊಡ್ಡ ತಕ್ಕಡಿ ಮೇಲೆ ನಿಂತು ನೋಡ್ಕೊಂಡಿದ್ದೆ. ಊರಿಗೆಲ್ಲ ಅದೊಂದೇ ನಂಬಿಕಸ್ಥ ತಕ್ಕಡಿ. ಆಮೇಲೆ ಮೈಗೆ ಸೇರಿದ್ದಕ್ಕೂ ಲೆಕ್ಕ ಇದೆ. ಇದುವರೆಗೆ ಯಾರಿಗೂ ಹೇಳಿಲ್ಲ. ನಿಮ್ಮ ಮಾವನೋರು ಪಾಪ ಅಂದಾಜಲ್ಲೇ ಹೋಗ್ಬಿಟ್ರು. ಬನ್ನಿ ಇಲ್ಲಿ. ಹುಬ್ಬು ಏರಿಸಿದ್ರೆ ನೋಡಿ ಮತ್ತೆ.”

ಮೇಸ್ತ್ರಿ ಬಗ್ಗಿ ಕಿವಿ ಕೊಟ್ಟ. ಅತ್ತೆ ಹೇಳಿದರು. ಆ ಸಂಖ್ಯೆ ಈ ಕಥೆಯಲ್ಲಿ ಬರುವುದಿಲ್ಲ. ಕಥೆ ಹೇಳುವವರಿಗೂ ಜೀವದ ಮೇಲೆ ಆಸೆ ಇರುತ್ತದೆ. ಮೇಸ್ತ್ರಿ ಹುಬ್ಬು ಏರಿಸಲಿಲ್ಲ. “ಸರಿ ಅತ್ತೆ” ಎಂದ, ಮಳೆ ಬರಬಹುದು ಎಂದು ಯಾರೋ ಹೇಳಿದಾಗ ಹೇಳುವಂತೆ. ಅತ್ತೆ ಶಾಲು ಎಳೆದುಕೊಂಡು, ಕೊಡವಿ, ಹೊದ್ದು ಹೊರಟುಹೋದರು. ಅವರು ಕಣ್ಮರೆಯಾದ ಮೇಲೆ ಅವನು ಹಿಂದೆ ಸರಿದು ಸಿಕ್ಕಿದ ಚೀಲದ ಮೇಲೆ ಕೂತ. ಆಮೇಲೆ ಎದ್ದು, ಸುತ್ತಿದ್ದ ಸ್ಪ್ರಿಂಗುಗಳನ್ನು ಬಿಚ್ಚಿ ಮೂಲೆಗೆಸೆದು, ಹೊಸ ಸರಳು ತೆಗೆದುಕೊಂಡ. ಅಳತೆಯನ್ನು ಎರಡು ಸಲ ನೋಡಿದ.

ಭಾನುವಾರ ಷಡ್ಡಕ ಹೊಳೆಯುವ ಕಾರಿನಲ್ಲಿ ಬಂದಿಳಿದ. ಇಳಿದವನೇ ಮೇಸ್ತ್ರಿಯ ಮನೆಯ ಸೋಫಾ ಒತ್ತಿ ನೋಡಿ ನಿಟ್ಟುಸಿರು ಬಿಟ್ಟ. “ಅತ್ತೆ, ನಮ್ಮ ಕಾರಲ್ಲಿ ಒಂದ್ಸಲ ಕೂತು ನೋಡಿ. ಕೂತಿದೀನಿ ಅಂತ ಮರೆತೇ ಹೋಗುತ್ತೆ.” ಅತ್ತೆಯ ಪೆಟ್ಟಿಗೆ ಕಟ್ಟಿ ಬಾಗಿಲ ಬಳಿ ಇತ್ತು. ಷಡ್ಡಕ ಯಾರನ್ನೂ ಕೇಳದೆ ಅದನ್ನು ಒಯ್ದು ಡಿಕ್ಕಿಯಲ್ಲಿಟ್ಟ.

“ಎರಡೂ ನೋಡ್ತೀನಿ. ಒಂದು ಕಡೆ ನೋಡಿ ತೀರ್ಪು ಕೊಡೋ ಅಭ್ಯಾಸ ನಂಗಿಲ್ಲ” ಎಂದರು ಅತ್ತೆ. ಮೊದಲು ಷಡ್ಡಕನ ಕಾರು. ಅತ್ತೆ ಕೂತರು. ಕೂತೇ ಇದ್ದರು, ಸೀಟಿನೊಳಗೆ ಇಳಿಯುತ್ತಲೇ ಇದ್ದರು. ಹಾಸಿಗೆ ಅವರನ್ನು ಎರಡೂ ಕಡೆಯಿಂದ ತಬ್ಬಿಕೊಂಡಿತು. ಬೀದಿಯಲ್ಲಿ ಒಂದು ಸುತ್ತು ಹೊಡೆದು ಬರುವಾಗ ಕಿಟಕಿಯಲ್ಲಿ ಕಂಡದ್ದು ಅವರ ಕನ್ನಡಕ ಮತ್ತು ಅದರ ಕೆಳಗೆ ಒಂದು ಮುಗುಳ್ನಗೆ. “ಆಹಾ” ಎಂದದ್ದು ಹೊರಗೂ ಕೇಳಿಸಿತು. ಮುಗಿಯಿತು ಎಂದುಕೊಂಡ ಮೇಸ್ತ್ರಿ.

ಆದರೆ ಇಳಿಯಬೇಕಲ್ಲ. ಅತ್ತೆ ಏಳಲು ಹೋದರು, ಹಾಸಿಗೆ ಬಿಡಲಿಲ್ಲ. ಮಂಡಿ ಮೇಲೆ, ಮೈ ಕೆಳಗೆ. ಷಡ್ಡಕ ಕೈ ಹಿಡಿದು ಎಳೆದ. ಆ ಕಡೆಯ ಬಾಗಿಲಿನಿಂದ ಮೇಸ್ತ್ರಿಯ ಹೆಂಡತಿ ನುಗ್ಗಿ ಹಿಂದಿನಿಂದ ತಳ್ಳಿ, ಮದುವೆಯಾದ ಮೇಲೆ ಮೊದಲ ಬಾರಿಗೆ ಗಂಡನಿಗೆ ಕೇಳಿಸುವಂತೆ “ರೀ, ನಿಂತು ನೋಡ್ತೀರೇನ್ರೀ!” ಎಂದು ಕೂಗಿದಳು. ವೆಲ್ಡರ್ ಟಾರ್ಚ್ ಹಿಡಿದು ಓಡಿಬಂದು, “ಛಾವಣಿ ಕತ್ತರಿಸ್ಲಾ? ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ” ಎಂದ. ಷಡ್ಡಕ ಬೇಡ ಬೇಡವೆಂದು ಛಾವಣಿಯನ್ನೇ ತಬ್ಬಿಕೊಂಡ. ಕಡೆಗೂ ಅತ್ತೆ ಆಚೆ ಬಂದಾಗ ಅವರ ಕೂದಲು ಕೆದರಿತ್ತು, ಒಂದು ಚಪ್ಪಲಿ ಹಾಸಿಗೆಯೊಳಗೇ ಉಳಿದಿತ್ತು.

ಚಪ್ಪಲಿ ಹಾಕಿಕೊಂಡು, ಯಾರಿಗೂ ಏನೂ ಹೇಳದೆ, ಅತ್ತೆ ಪಿಕಪ್ಪಿನ ಕಡೆ ನಡೆದರು. ಬಾಗಿಲು ತೆಗೆದರು. ತಿರುಗಿ ನಿಂತು ಮೆಲ್ಲನೆ ಕೂತರು, ಕಾಲುಗಳನ್ನು ಒಳಗೆ ತೆಗೆದುಕೊಂಡರು. ಯಾರ ಕೈಯೂ ಬೇಕಾಗಲಿಲ್ಲ. ಬೀದಿಯವರು ಈ ಸಲ ಜಾಣರಾಗಿದ್ದರು, ಚಪ್ಪಾಳೆ ತಟ್ಟಲಿಲ್ಲ.

ಗುಡ್ಡದ ರಸ್ತೆಯಲ್ಲಿ ಅತ್ತೆ ಒಂದು ಮಾತೂ ಆಡಲಿಲ್ಲ. ಮೊದಲ ಗುಂಡಿ ಬಂತು, ಹೋಯಿತು. ಎರಡನೆಯದು ದೊಡ್ಡದು. ಗಾಡಿ ಮೆಲ್ಲನೆ ತಗ್ಗಿ ಮೆಲ್ಲನೆ ಎದ್ದಿತು, ತಳ ಹೊಡೆಯಲಿಲ್ಲ. ಮೇಸ್ತ್ರಿ ಬ್ರೇಕ್ ತಡವಾಗಿ ಹಾಕಿದ, ಅತ್ತೆ ಸುಮ್ಮನೆ. ಅವನಿಗೆ ಹೆದರಿಕೆಯಾಯಿತು. ಓರೆಗಣ್ಣಿನಲ್ಲಿ ನೋಡಿದ, ಅವರು ಎರಡೂ ಮಂಡಿಗಳ ಮೇಲೆ ಕೈಯಿಟ್ಟುಕೊಂಡು ನೇರ ರಸ್ತೆ ನೋಡುತ್ತಿದ್ದರು. ಮನಸ್ಸು ಆಗಲೇ ಷಡ್ಡಕನ ಊರು ಸೇರಿರಬೇಕು, ಬೈಯುವ ಋಣವೂ ಮುಗಿದಿರಬೇಕು ಎಂದುಕೊಂಡ.

ಗೆಳತಿಯ ಮನೆಯ ಮುಂದೆ ಗಾಡಿ ನಿಂತಿತು. ಅತ್ತೆ ಬಾಗಿಲು ತೆರೆದು, ಪಾದಗಳನ್ನು ನೆಲಕ್ಕೆ ಊರಿ, ಎದ್ದು ನಿಂತರು. ಮಂಡಿಯನ್ನು ಒಮ್ಮೆ ಮಡಚಿ ನೋಡಿದರು, ಇನ್ನೊಮ್ಮೆ ನೋಡಿದರು.

“ಹೇಗಿತ್ತು ಅತ್ತೆ?” ಎಂದ ಮೇಸ್ತ್ರಿ.

“ನನ್ನ ಕಡೆ ಸ್ಪ್ರಿಂಗು ಒಂಚೂರು ಬಿಗಿ” ಎಂದರು ಅತ್ತೆ.

ಮೇಸ್ತ್ರಿ ಅವಸರದಿಂದ ಕೆಳಗಿಳಿದ. “ಸಂಜೆನೇ ಬಿಚ್ಚಿ ನೋಡ್ತೀನಿ ಅತ್ತೆ. ಬೇಡ, ಈಗ್ಲೇ ಬಿಚ್ತೀನಿ. ಜಾಕಿ ಇದೆ, ನೀವು ಇಲ್ಲೇ ನೆರಳಲ್ಲಿ ಕೂತಿರಿ, ಒಂದೇ ನಿಮಿಷ...”

“ಅಯ್ಯೋ, ಅದೇನು ಆತುರ ನಿಮ್ಗೆ!” ಎಂದು ಅತ್ತೆ ರೇಗಿದರು. “ಮುಂದಿನ ವಾರ ನೋಡಿ. ಆಗ್ಲಿಲ್ವಾ, ಅದರ ಮುಂದಿನ ವಾರ ನೋಡಿ. ನಾನೇನು ಎಲ್ಲಿಗಾದ್ರೂ ಹೋಗ್ತಾ ಇದೀನಾ?”